ಇಂದುಬಾಯಿಯ ಬೀಜದ ಗಡಿಗೆ

ಹನ್ನೂರಿನ ಇಂದುಬಾಯಿಯ ವಿಷಯ ಹೇಳಬೇಕಾದರೆ ಅವಳ ಅತ್ತೆಯ ಅತ್ತೆ ಕಸ್ತೂರಬಾಯಿಯಿಂದ ಹಿಡಿಯಬೇಕು. ಅದು ಅಕ್ಕಲಕೋಟೆ ಸಂಸ್ಥಾನವಿದ್ದ ಕಾಲ. ಲೆವಿ ಎಂದು ಸರಕಾರದ ಪಾಲಿನ ಕಾಳು ಎಳೆಯಲು ಬಂದ ಸಿಪಾಯಿಗಳು ಮನೆಮನೆ ಗುಡಿಸಿ ಒಯ್ದಾಗ ಕಸ್ತೂರಬಾಯಿ ಬಿತ್ತುವ ಜೋಳದ ಗಡಿಗೆಯನ್ನು ಕೊಟ್ಟಿಗೆಯ ಗೋಡೆಯೊಳಗಿಟ್ಟು ಮಣ್ಣು ಮೆತ್ತಿ, ಮೇಲೆ ಕುಳ್ಳು ತಟ್ಟಿ, ಅದಕ್ಕೇ ಬೆನ್ನು ಕೊಟ್ಟು ಕೂಸಿಗೆ ಮೊಲೆಯೂಡುತ್ತ ಕುಳಿತಿದ್ದಳು. ಆ ವರ್ಷ ಅರ್ಧ ಊರು ಬಿತ್ತಿದ್ದು ಆ ಗಡಿಗೆಯ ಬೀಜವನ್ನೇ. ಅವಳ ಸೊಸೆ ಚಂದ್ರಭಾಗಾ ಇನ್ನೂ ಗಟ್ಟಿ ಹೆಣ್ಣು. ಎಪ್ಪತ್ತೆರಡರ ಬರದಲ್ಲಿ ಮನೆಮಂದಿಯೆಲ್ಲ ರಸ್ತೆಯ ಕೆಲಸಕ್ಕೆ ಹೋಗಿ ಖಡಿಕಲ್ಲು ಒಡೆಯುತ್ತಿದ್ದಾಗ ಗಂಡ ಶಂಕರೆಪ್ಪ ಹಸಿವೆ ತಾಳದೆ ಗಡಿಗೆಗೆ ಕೈ ಹಾಕಿದ. ಒನಕೆಯಿಂದ ಅವನ ಮಣಿಕಟ್ಟಿಗೆ ಹೊಡೆದಳು. ಆ ಕೈ ಸಾಯುವವರೆಗೂ ಸೊಟ್ಟಗೇ ಇತ್ತು. ಅವನು ಅದನ್ನು ಎತ್ತಿ ಎತ್ತಿ ಹೆಮ್ಮೆಯಿಂದ ಊರಿಗೆಲ್ಲ ತೋರಿಸುತ್ತಿದ್ದ.

ಆ ಬರದ ಹಿಂದಿನ ವರ್ಷವೇ ಹದಿನಾರರ ಇಂದುಬಾಯಿ ಈ ಮನೆಗೆ ಸೊಸೆಯಾಗಿ ಬಂದಿದ್ದಳು. ಒನಕೆಯ ಏಟನ್ನು ಕಣ್ಣಾರೆ ಕಂಡವಳು. ಅತ್ತೆ ಸತ್ತ ಮೇಲೆ ಗಡಿಗೆ ಅವಳ ಕೈಗೆ ಬಂತು. ಬೂದಿ ಮತ್ತು ಬೇವಿನ ಎಲೆ ಹಾಕಿ ಮಾಲದಂಡಿ ಜೋಳದ ಬೀಜವನ್ನು ಮಗುವಿನಂತೆ ಕಾಯ್ದಳು. ಹೋಟಗಿಯಿಂದಲೂ ಜನ ಬೀಜ ಕೇಳಿಕೊಂಡು ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಹೊಲ ಪಾಲಾಗಲಿಲ್ಲ. ಮೈದುನನ ಹೆಂಡತಿ ರತ್ನಾಬಾಯಿಯದು ಪಕ್ಕದ ಮನೆ. ಈ ಇಬ್ಬರು ನೆಗೆಣ್ಣಿಯರು ದಿನಾ ಜಗಳಾಡುತ್ತಿದ್ದರು, ದಿನಾ ಒಂದೇ ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದರು.

ಎರಡು ವರ್ಷದ ಹಿಂದೆ ಸೊಲ್ಲಾಪುರದ ಕಾಲೇಜಿನಿಂದ ಪ್ರಣಿತಾ ಎಂಬ ಹುಡುಗಿ ನಮ್ಮೂರಿನ ದ್ರಾಕ್ಷಿ ತೋಟಗಳಿಗೆ ಬರತೊಡಗಿದಳು. ಹಣ್ಣಿನ ಮೇಲೆ ಉಳಿದ ಔಷಧವನ್ನು ಒಂದು ಗಾಜಿನ ತುಂಡಿನಲ್ಲಿ ಕಂಡುಹಿಡಿಯುತ್ತಾಳೆ ಎಂದು ಕೇಳಿ ಇಂದುಬಾಯಿ ಅವಳನ್ನು ತಡೆದು ನಿಲ್ಲಿಸಿದಳು.

“ಈ ಕಾಚಿನ್ಯಾಗ ವಿಷ ಕಾಣತೈತೇನವ್ವಾ? ಹಂಗಿದ್ರ ನಮ್ಮ ನೆಗೆಣ್ಣಿ ನಾಲಿಗಿ ಮ್ಯಾಲ ಒಮ್ಮಿ ಇಟ್ಟು ನೋಡು.”

ರತ್ನಾಬಾಯಿ ಬಿಟ್ಟಾಳೆಯೇ? “ಮೊದಲ ಆಕೀದ ನೋಡು ಮಗಳ. ಕಾಚ ಒಡದ್ರ ನನ್ನ ಕೇಳಬ್ಯಾಡ.”

ಹೋದ ವರ್ಷದ ಎಳ್ಳ ಅಮಾವಾಸ್ಯೆಯ ದಿನ ಎರಡೂ ಮನೆಯವರು ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಅಡಿಗೆ ಮಾಡಿದವಳು ಇಂದುಬಾಯಿಯ ಸೊಸೆ ಮನೀಷಾ, ಸೊಲ್ಲಾಪುರದ ಪೇಟೆಯ ಹುಡುಗಿ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದ ಮೇಲೆ ನೈವೇದ್ಯದ ಕಡಬನ್ನು ಇಂದುಬಾಯಿ ತನ್ನ ಕೈಯಿಂದಲೇ ರತ್ನಾಬಾಯಿಯ ಬಾಯಿಗಿಟ್ಟಳು. ಉಪವಾಸವಿದ್ದವಳು, ಎರಡು ತಿಂದಳು. ಉಳಿದ ತುಣುಕುಗಳನ್ನು ಜೊತೆಗಿದ್ದ ಇಬ್ಬರು ಗಂಡಸರು ತಿಂದರು, ಇಂದುಬಾಯಿಗೆ ಉಳಿಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ರತ್ನಾಬಾಯಿಯ ಬಾಯಲ್ಲಿ ನೊರೆ ಬಂತು, ಮೈ ಬೆವರಿ ನಡುಗತೊಡಗಿತು, ಕಣ್ಣಿನ ಪಾಪೆ ಸಾಸಿವೆಯಷ್ಟಾಯಿತು. ಜೀಪಿನಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಓಡಿದರೂ ವಳಸಂಗ ದಾಟುವಷ್ಟರಲ್ಲಿ ಜೀವ ಹೋಯಿತು. ಗಂಡಸರಿಬ್ಬರೂ ಎಂಟು ದಿನ ದವಾಖಾನೆಯಲ್ಲಿ ಬಿದ್ದು ಬದುಕಿದರು. ಇದು ಬೆಳೆಗೆ ಹೊಡೆಯುವ ವಿಷ ಎಂದರು ಡಾಕ್ಟರರು.

ಊರಿನ ಬೆರಳೆಲ್ಲ ಮನೀಷಾಳತ್ತ ತಿರುಗಿತು. ಅಡಿಗೆ ಅವಳದು. ಅಮಾವಾಸ್ಯೆಗೆ ವಾರ ಮೊದಲು ನಳದ ನೀರಿಗಾಗಿ ಅವಳಿಗೂ ರತ್ನಾಬಾಯಿಗೂ ಬೀದಿಯಲ್ಲಿ ಬಾಯಿಜಗಳ ಹತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಅವಳು ಆ ಹೊತ್ತಿನವರೆಗೆ ಒಂದು ತುತ್ತೂ ತಿಂದಿರಲಿಲ್ಲ. ಬಡಿಸುವ ಹೆಂಗಸು ಕೊನೆಗೆ ಉಣ್ಣುವುದು ನಮ್ಮ ಪ್ರತಿ ಮನೆಯ ರೂಢಿ. ಅದು ಅಂದು ಯಾರಿಗೂ ನೆನಪಾಗಲಿಲ್ಲ. ರತ್ನಾಬಾಯಿಯ ಮಗ ಸಿದ್ಧರಾಮ ಠಾಣೆಗೆ ಹೋಗಿ ಅವಳ ಮೇಲೆ ತಕರಾರು ಕೊಟ್ಟ. ಪೊಲೀಸರು ಅನ್ನ-ಹಿಟ್ಟು ಕಟ್ಟಿಕೊಂಡು ಹೋದರು, ಮನೀಷಾಳನ್ನೂ ಅಕ್ಕಲಕೋಟೆಗೆ ಕರೆದೊಯ್ದರು. ವರದಿ ಬರಲು ಮೂರು ತಿಂಗಳಾದರೂ ಬೇಕು ಎಂದರು.

“ನನ್ನ ಸೊಸಿ ನಾಲಿಗಿ ಉದ್ದ ಐತಿ, ಖರೇ. ಕೈ ಅಂಥಾದ್ದಲ್ಲ. ಮೂರ ತಿಂಗಳ ಆಕಿ ಕೊಳೀಬೇಕೇನು? ಆ ಕಾಚಿನ ಹುಡುಗೀನ ಕರಕೊಂಡ ಬಾ,” ಎಂದು ಇಂದುಬಾಯಿ ಮಗ ಯೋಗಿರಾಜನನ್ನು ಸೊಲ್ಲಾಪುರಕ್ಕೆ ಅಟ್ಟಿದಳು.

ಪ್ರಣಿತಾ ಬಂದ ದಿನ ಅಂಗಳದಲ್ಲಿ ನಾವು ಹತ್ತು ಮಂದಿ ಇದ್ದೆವು. ಸಿದ್ಧರಾಮನನ್ನೂ ಇಂದುಬಾಯಿಯೇ ಕರೆಸಿದ್ದಳು. “ನೀನ ಮುಂದ ಕೂಡು. ನಾಳೆ ಅತ್ತಿ-ಸೊಸಿ ಕೂಡಿ ಏನೋ ಮಾಡ್ಯಾರ ಅನಬ್ಯಾಡ.”

“ಕೂತೀನಿ ದೊಡ್ಡವ್ವಾ. ನಾ ಏನ್ ಸಿನಿಮಾ ನೋಡಾಕ ಬಂದಿಲ್ಲ,” ಎಂದ ಅವನು ಮುಖ ತಿರುಗಿಸಿ.

ಆ ಗಾಜಿನ ಮೇಲೆ ಇರುವುದು ದ್ರವಸ್ಫಟಿಕ. ಮೊಬೈಲಿನ, ಗಡಿಯಾರದ ಮುಖದೊಳಗೆ ಇರುವಂಥದ್ದೇ. ಎಣ್ಣೆಯಂತೆ ಹರಿಯುತ್ತದೆ, ಆದರೆ ಅದರ ಕಣಗಳು ತೆನೆಗಟ್ಟಿದ ಜೋಳದ ದಂಟಿನಂತೆ ಒಂದೇ ಸಾಲಾಗಿ ನಿಲ್ಲಬಲ್ಲವು. ಗಾಜಿಗೆ ಮೊದಲೇ ಸವರಿದ ಒಂದು ಲೋಹದ ಉಪ್ಪನ್ನು ಬೇರಿನಂತೆ ಹಿಡಿದು ನೆಟ್ಟಗೆ ನಿಂತಿರುತ್ತವೆ. ಕೀಟನಾಶಕದ ಆವಿ ತಾಗಿತೆಂದರೆ ಆ ಹಿಡಿತ ಬಿಡುತ್ತದೆ, ದಂಟು ಮಲಗುತ್ತದೆ. ಕಪ್ಪು ಕನ್ನಡಕದಂತೆ ಬೆಳಕು ಸೋಸುವ ಎರಡು ಹಾಳೆಗಳ ನಡುವೆ ಇಟ್ಟು ಬೆಳಕಿಗೆ ಹಿಡಿದರೆ ನಿಂತದ್ದು ಕತ್ತಲೆಯಾಗಿ ಕಾಣುತ್ತದೆ, ಮಲಗಿದ್ದು ಬಣ್ಣವಾಗಿ. ಇಂಥ ಜಾತಿಯ ವಿಷ ಇದೆ ಎಂದಷ್ಟೇ ಅದು ಹೇಳುತ್ತದೆ. ಯಾವ ಬಾಟಲಿಯದು, ಯಾರು ಹಾಕಿದರು ಎಂದು ಹೇಳುವುದಿಲ್ಲ.

ಪ್ರಣಿತಾ ಒಂದೊಂದೇ ವಸ್ತುವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಗಾಜಿಟ್ಟು, ಬಿಸಿಲಲ್ಲಿ ಹತ್ತು ನಿಮಿಷ ಇಡುತ್ತಿದ್ದಳು. ಗಿರಣಿಯ ಹಿಟ್ಟು ಕತ್ತಲೆ. ಬೆಲ್ಲ, ಎಳ್ಳು, ಎಣ್ಣೆ, ಉಪ್ಪು, ಎಲ್ಲ ಕತ್ತಲೆ. ಒಂದೊಂದಕ್ಕೂ ಇಂದುಬಾಯಿಯ ಮುಖ ಅರಳುತ್ತಿತ್ತು.

“ನೋಡಿದೇನ ಸಿದ್ದೂ?”

“ತೊಳದಿಟ್ಟಿರತಾಳ ಬಿಡು ದೊಡ್ಡವ್ವಾ, ಶಾಣ್ಯಾಕಿ.”

“ಬೆಲ್ಲ ತೊಳೀತಾರೇನೋ, ಮೂಳಾ?” ಎಂದಳು ಇಂದುಬಾಯಿ. ಯಾರೋ ನಕ್ಕರು.

ಪ್ರಣಿತಾ ಪಡಸಾಲೆಯ ಮೂಲೆಗೆ ಕೈ ತೋರಿದಳು. “ಅಜ್ಜೀ, ಆ ಬೀಸೂಕಲ್ಲ?”

“ಅದನ್ಯಾರ ಮುಟ್ಟತಾರ? ಮನೀಷಾಗ ಅದನ್ನ ತಿರಗಸಾಕ ಬರಂಗಿಲ್ಲ. ಈ ಮನ್ಯಾಗ ಅದನ್ನ ಹಿಡಿಯಾಕಿ...”

ಅಲ್ಲಿಗೆ ಅವಳ ಮಾತು ನಿಂತಿತು. ಆಮೇಲೆ ತಗ್ಗಿದ ದನಿಯಲ್ಲಿ, “ನೋಡು,” ಎಂದಳು.

ಕಲ್ಲಿನ ಕಣ್ಣಿನಲ್ಲಿ ಉಳಿದ ಹಿಟ್ಟನ್ನು ಕುಂಚದಿಂದ ಬಳಿದು ಇಟ್ಟರು. ಈ ಸಲ ಗಾಜಿನ ಅಂಚಿನಿಂದ ಹಸಿರು ಎದ್ದಿತು, ಅದರ ಹಿಂದೆ ನೇರಳೆ, ಹಳದಿ. ನವಿಲುಗರಿಯನ್ನು ಬಿಸಿಲಿಗೆ ಹಿಡಿದಂತೆ.

“ಸಿಕ್ತು! ಇದರಾಗ ಬೀಸ್ಯಾಳ!” ಎಂದು ಸಿದ್ಧರಾಮ ಎದ್ದು ನಿಂತ.

ಇಂದುಬಾಯಿ ಅವನ ಕಡೆ ನೋಡಲಿಲ್ಲ. ಒಳಗೆ ಹೋಗಿ, ಬಟ್ಟೆ ಕಟ್ಟಿದ ಗಡಿಗೆಯನ್ನು ತಂದು ಪ್ರಣಿತಾಳ ಮುಂದಿಟ್ಟಳು. “ಇದನ್ನೂ ನೋಡು.” ಹತ್ತು ನಿಮಿಷ ಬೇಕಾಗಲಿಲ್ಲ. ಗಾಜು ಇಟ್ಟ ಕೂಡಲೇ ಎಂಬಂತೆ ಅದರ ತುಂಬ ಬಣ್ಣ ಹರಿದಾಡಿತು.

ಆಗ ಇಂದುಬಾಯಿ ಹೇಳಿದಳು. ಅಮಾವಾಸ್ಯೆಯ ನಸುಕಿನಲ್ಲಿ, ಯಾರೂ ಏಳುವ ಮೊದಲು, ಗಡಿಗೆಯ ಒಂದು ಹಿಡಿ ಬೀಜವನ್ನು ಮಾತಾಡದೆ ಬೀಸಿ ನೈವೇದ್ಯದ ಕಡಬಿನ ಹಿಟ್ಟಿಗೆ ಕೂಡಿಸುವುದು ಕಸ್ತೂರಬಾಯಿ ಹಾಕಿಕೊಟ್ಟ ಪದ್ಧತಿ. ಗಡಿಗೆ ಯಾರ ಕೈಯಲ್ಲಿದೆಯೋ ಅವಳಿಗೆ ಮಾತ್ರ ಗೊತ್ತು. ಹಿಂದಿನ ವರ್ಷ ಬೂದಿ ಬೇವು ಹಾಕಿದರೂ ನುಸಿ ಬಿದ್ದು ಅರ್ಧ ಬೀಜ ಟೊಳ್ಳಾಗಿತ್ತು. ಅದಕ್ಕೆ ಆ ಸಲ ಬಿತ್ತಿ ಉಳಿದ ಬೀಜದ ಮೇಲೆ, ತೊಗರಿಗೆ ಹೊಡೆದು ಉಳಿದ ಔಷಧವನ್ನು ಬಾಟಲಿ ಬಗ್ಗಿಸಿ ಸುರಿದಿದ್ದಳು. ಎರಡು ತಿಂಗಳ ಮೇಲೆ, ಅಮಾವಾಸ್ಯೆಯ ನಸುಕಿನಲ್ಲಿ, ಅದನ್ನು ಮರೆತ ಕೈ ತನ್ನಷ್ಟಕ್ಕೆ ತಾನೇ ಗಡಿಗೆಯೊಳಗೆ ಹೋಯಿತು. ಕೊರೊನಾ ಬಂದು ಹೋದಾಗಿನಿಂದ ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ಇಷ್ಟು ದಿನ ಹೇಗೆ ನೆನಪಾಗಲಿಲ್ಲ ಎಂದು ಕೆಲವರು ಈಗಲೂ ಕುಹಕವಾಡುತ್ತಾರೆ. ದೀಪ ಹಚ್ಚಿದ್ದನ್ನು ಅಡಿಗೆಯ ಲೆಕ್ಕದಲ್ಲಿ ಯಾರು ಹೇಳುತ್ತಾರೆ? ಅವಳಿಗೆ ಅದು ಪೂಜೆ, ಅಡಿಗೆಯಲ್ಲ.

ಪ್ರಣಿತಾ ಗಾಜನ್ನು ಕೈಯಲ್ಲಿ ಹಿಡಿದೇ ಅಂದಳು, “ಅಜ್ಜೀ, ಇದು ಕೋರ್ಟಿನ ಪುರಾವಾ ಅಲ್ಲರೀ. ಇನ್ನಾ ಪರೀಕ್ಷಾದಾಗ ಐತಿ. ನಾ ಎಲ್ಲೂ ಬರೀಬೇಕಂತಿಲ್ಲ.”

ಯೋಗಿರಾಜ ತಾಯಿಯ ಕಾಲ ಬಳಿ ಕುಳಿತ. “ಅವ್ವಾ, ಔಷಧ ನಾ ಸುರದೀನಿ ಅಂತೀನಿ. ನೀ ಸುಮ್ನಿರು.”

ತಾಯಿಯನ್ನು ಕಳಕೊಂಡವನು ಸಿದ್ಧರಾಮ. ಅವನೇ ಮುಂದೆ ಬಂದು ಇಂದುಬಾಯಿಯ ತೋಳು ಹಿಡಿದ. “ದೊಡ್ಡವ್ವಾ, ನಾ ತಕ್ರಾರ ಹಿಂದ ತಗೋತೀನಿ. ಊಟ ಕೆಟ್ಟಿತ್ತು ಅನ್ನೂಣು. ನಾಳೆ ಮನೀಷಾನ ಬಿಟ್ಟ ಕಳಸ್ತಾರ. ಜೇಲ ನೋಡೂ ವಯಸ್ಸಲ್ಲ ನಿಂದು.”

“ಬ್ಯಾಡ ಸಿದ್ದೂ. ನೀ ಹಿಂದ ತಗೊಂಡ್ರ ಮನೀಷಾ ಬಿಟ್ಟ ಕಳಿಸಿದಾಕಿ ಆಗ್ತಾಳ, ತಪ್ಪ ಮಾಡದಾಕಿ ಆಗಂಗಿಲ್ಲ. ಸಾಯೂತನಾ ಊರ ಬಾಯಾಗ ಆಕಿ ವಿಷ ಹಾಕಿದಾಕಿನ. ಯೋಗ್ಯಾ, ನೀನೂ ಸುಳ್ಳ ಹೇಳಬ್ಯಾಡ. ರತ್ನಾನ ಬಾಯಿಗಿ ತುತ್ತ ಇಟ್ಟಾಕಿ ನಾ. ಪೊಲೀಸ್ರ ಮುಂದ ನಾನ ಹೇಳತೀನಿ. ವಕೀಲನೂ ಬ್ಯಾಡ, ಗಾಡೀನೂ ಬ್ಯಾಡ. ಅಕ್ಕಲಕೋಟಿ ಬಸ್ ಹತ್ತಾಕ ನನಗಿನ್ನಾ ಕಾಲ ಅದಾವ. ತೋಳ ಬಿಡು.”