ಕೊಡಲಿ ಅತ್ತೆ ಸೀಳಿದ ಟಗರಿನ ತಲೆ

ಮಾಂಸದಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಸೋದರತ್ತೆ ಮೂವತ್ತು ವರ್ಷ ಕುರಿ ತಲೆಗಳನ್ನು ಸೀಳಿದಳು. ಒಂದೇ ಏಟಿಗೆ ಎರಡು ಹೋಳು. ಎಲ್ಲರ ಬಾಯಲ್ಲೂ ಅವಳು ಕೊಡಲಿ ಅತ್ತೆ. ಅವಳ ತಮ್ಮ, ಅಂದರೆ ಕುರಿ ಕಾಯುವ ನನ್ನ ಅಪ್ಪ, ಹೆದರುತ್ತಿದ್ದುದು ಅವಳೊಬ್ಬಳಿಗೇ. ಮಿಕ್ಕವರ ಜೊತೆ ಅವನ ಕೋಲೇ ಮಾತಾಡುತ್ತಿತ್ತು. ನನ್ನ ಬೆನ್ನಿಗೂ ಅದರ ಪರಿಚಯ ಚೆನ್ನಾಗಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಅಪ್ಪ ನಮ್ಮ ದೊಡ್ಡ ಟಗರಿನ ತಲೆಯನ್ನು ತಂದು ಅವಳ ಮರದ ದಿಮ್ಮಿಯ ಮೇಲೆ ಎಸೆದ. ಕೊಂಬು ಮುರಿದಿತ್ತು, ಒಂದು ಕಣ್ಣು ಒಡೆದಿತ್ತು.

"ಹಠಮಾರಿ ಮುಂಡೇದು. ವಾರದಿಂದ ಮೇಯ್ತಿರ್ಲಿಲ್ಲ, ಬರೀ ಸೀನೋದು, ನೆಲಕ್ಕೆ ಮೂಗು ಒತ್ಕೊಂಡು ನಿಂತ್ಬಿಡೋದು. ಬಾರಿಸಿದೆ, ಸತ್ತೋಯ್ತು," ಎಂದ.

ಅತ್ತೆ ಕೊಡಲಿ ಬೀಸಿದಳು. ಕೊಂಬಿನ ಬುಡದ ಪೊಳ್ಳಿನಲ್ಲಿ ಬೆರಳ ಗಿಣ್ಣಿನಷ್ಟು ಉದ್ದದ ಹನ್ನೊಂದು ಹುಳುಗಳು ಕೀವು, ರಕ್ತದ ನಡುವೆ ಮಿಸುಕಾಡುತ್ತಿದ್ದವು. ಅವಳು ಅಪ್ಪನ ಕತ್ತು ಹಿಡಿದು ಮುಖವನ್ನು ಅದಕ್ಕೇ ಒತ್ತಿದಳು.

"ನೋಡೋ! ನೊಣ ಹಾರಿ ಬಂದು ಮೂಗಿಗೆ ಮರಿಹುಳ ಬಿಟ್ಟೋಗುತ್ತೆ. ಇವು ಒಳಗೆ ಹತ್ತಿ ಹೋಗಿ ಹಿಂಸೆ ಕೊಡ್ತಿದ್ವು. ಇನ್ನೊಂದು ನೊಣ ನುಗ್ಗದಿರ್ಲಿ ಅಂತ ಅದು ಮೂಗು ಮುಚ್ಕೊಂಡಿದ್ದು ಕಣೋ! ಔಷಧಿ ಕುಡಿಸಿದ್ರೆ ಸಾಕಿತ್ತು. ಮೊದ್ಲು ಎಲ್ಲಿಗೆ ಹೊಡ್ದೆ?"

"ಮೂಗಿಗೆ."

ಅವಳು ಅವನ ಕತ್ತು ಬಿಟ್ಟಳು. ಅಪ್ಪ ನೆಲ ನೋಡುತ್ತ ನಿಂತ. ಅವನ ಮೂಗಿನ ತುದಿಯಿಂದ ಟಗರಿನ ರಕ್ತ ತೊಟ್ಟಿಕ್ಕುತ್ತಿತ್ತು.

"ಯಾಕೋ ತಲೆ ತಗ್ಗಿಸ್ಕೊಂಡು ನಿಂತೆ?" ಎನ್ನುತ್ತ ಅತ್ತೆ ಮತ್ತೆ ಕೊಡಲಿ ಎತ್ತಿಕೊಂಡಳು. "ಇದೂ ಹಠಾನಾ? ಬಾರಿಸ್ಲಾ?"