ಕಾರ್ಡಿನ ಬೆನ್ನಿಗೆ ಅಂಟಿಸಿದ ಚೀಟಿ

ಅವರ ಕೆಳದುಟಿಯ ಮೇಲೆ ಯಾವಾಗಲೂ ಬಣ್ಣವಿರುತ್ತಿತ್ತು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟು ಎಳೆಯುವ ಅಭ್ಯಾಸ. ಒಂದು ದಿನ ಹಳದಿ, ಒಂದು ದಿನ ನೇರಳೆ, ಕನಕಾಂಬರದ ಕಾರ್ಡು ಮಾಡಿದ ದಿನ ಎಲೆಯಡಿಕೆ ಮೆದ್ದವರ ಹಾಗೆ ಕಿತ್ತಳೆ. ಬೀದಿ ನಲ್ಲಿಯ ಮುಂದೆ ನಿಂತ ಹೆಂಗಸರು "ಇವತ್ತು ಏನ್ ಊವು ಉಂಡೆ ಅಕ್ಕಾ?" ಎಂದು ಛೇಡಿಸುತ್ತಿದ್ದರು. "ನಾಲ್ಗೆ ನೀಡ್ತೀನಿ, ನೀನೇ ನೋಡು" ಎನ್ನುತ್ತಿದ್ದರು ಇವರು, ನೀಡಿಯೂ ಬಿಡುತ್ತಿದ್ದರು.

ಎದುರು ಮನೆಯ ಅತ್ತೆ. ರಕ್ತಸಂಬಂಧವೇನಲ್ಲ, ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಕನ್ನಡದ ಮನೆಗಳಲ್ಲಿ ಅಪ್ಪನ ವಾರಿಗೆಯ ಹೆಂಗಸರೆಲ್ಲ ಅತ್ತೆಯರೇ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಒಂದು ದ್ರಾಕ್ಷಿ ಚಪ್ಪರ, ಎರಡು ಹಸು, ಬೀದಿಯ ಆ ತುದಿಗೆ ಕೇಳುವ ಗಂಟಲು ಇದ್ದವು. ಮನೆಗೆ ಬಂದವರು ಉಣ್ಣದೆ ಹೊರಗೆ ಹೋದ ದಾಖಲೆಯಿಲ್ಲ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಆಕೆ ಒಂದು ದಿನವೂ ಹಸಿದವರಲ್ಲ, ಯಾರ ಮುಂದೆಯೂ ಕೈ ಒಡ್ಡಿದವರಲ್ಲ. ದಯವಿಟ್ಟು ನೆನಪಿಟ್ಟುಕೊಳ್ಳಿ.

ಮದುವೆಯಾದ ಹೊಸತರಲ್ಲಿ ಅವರು ಗಂಡನೊಂದಿಗೆ ಕೆಲವು ವರ್ಷ ಚಿನ್ನಾಳಪಟ್ಟಿಯಲ್ಲಿದ್ದರಂತೆ. ಪಕ್ಕದಲ್ಲೇ ಸೀರೆಗೆ ಅಚ್ಚು ಒತ್ತುವ ಮನೆ. ಅಲ್ಲಿ ಅಂಚು ಮುರಿದು ಮೂಲೆಗೆಸೆದ ಮರದ ಅಚ್ಚುಗಳನ್ನು ಕೇಳಿ ತಂದು, ಸೆರಗಿನ ಬಳ್ಳಿಯಿಂದ ಒಂದೇ ಒಂದು ಹೂವನ್ನು ಗರಗಸದಲ್ಲಿ ಬಿಡಿಸಿಕೊಂಡು, ಸವೆದ ಗೆರೆಗಳನ್ನು ಚಾಕುವಿನ ಮೊನೆಯಿಂದ ಮತ್ತೆ ತೆರೆದು ತಮ್ಮದಾಗಿ ಮಾಡಿಕೊಂಡಿದ್ದರು. ಅಂಥ ಹೂವುಗಳು ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಇದ್ದವು.

ಕೆಲಸ ನೋಡಬೇಕಿತ್ತು ನೀವು. ಬಣ್ಣದಲ್ಲಿ ಅಚ್ಚನ್ನು ಅದ್ದುತ್ತಿರಲಿಲ್ಲ. ನೀರುಬಣ್ಣವನ್ನು ಕುಂಚದಿಂದ ಅಚ್ಚಿನ ಮೇಲೇ ಹಚ್ಚುವುದು: ಎಸಳಿನ ತುದಿಗೆ ಗಾಢ, ಬುಡಕ್ಕೆ ತೆಳು. ಅಷ್ಟರಲ್ಲಿ ಅದು ಆರತೊಡಗಿರುತ್ತದೆ. ಆಗ ಅಚ್ಚನ್ನು ಬಾಯಿಯ ಹತ್ತಿರ ಹಿಡಿದು "ಹಾ" ಎಂದು ಒಂದು ಉಸಿರು. ಕನ್ನಡಕ ಒರೆಸುವ ಮೊದಲು ಬಿಡುತ್ತೇವಲ್ಲ, ಹಾಗೆ. ಆ ತೇವಕ್ಕೆ ಬಣ್ಣ ಮತ್ತೆ ಎದ್ದುಕೊಳ್ಳುತ್ತದೆ. ಕಾಗದಕ್ಕೆ ಒತ್ತಿ, ಮೂರು ಎಣಿಸಿ ಎತ್ತುವುದು. ಆಮೇಲೆ ಬರಿ ನೀರಿನ ಕುಂಚದಿಂದ ಗೆರೆಯನ್ನು ಮುಟ್ಟಿ ಬಣ್ಣವನ್ನು ಎಸಳಿನೊಳಕ್ಕೆ ಕರೆದುಕೊಳ್ಳುವುದು. ಎಲೆಗೆ ಅಚ್ಚಿಲ್ಲ; ಒಂದೇ ಎಳೆತ. ಕಂಡರಿಯದ ಹೂವನ್ನು ಒತ್ತುತ್ತಿರಲಿಲ್ಲ. ಒಳಗಡೆ ನಮ್ಮ ಕನ್ನಡದ ಒಂದು ಮಾತನ್ನು ತಮಿಳಿನ ಅಕ್ಷರದಲ್ಲಿ ಬರೆಯುತ್ತಿದ್ದರು: "ಸೆಂದಾಗಿರಿ". ನಮ್ಮಲ್ಲಿ ಕನ್ನಡಕ್ಕೆ ಬಾಯಿ ಇದೆ, ಕೈ ಇಲ್ಲ; ನಾನು ಈ ಕನ್ನಡ ಲಿಪಿ ಕಲಿತದ್ದು ತೀರ ಈಚೆಗೆ. ಹಿಂಬದಿಯ ಮೂಲೆಯಲ್ಲಿ ಅವರ ಹೆಸರು, ಊರ ಹೆಸರು, ಸಾಸಿವೆಕಾಳಿನಷ್ಟು ದಪ್ಪಕ್ಕೆ.

ಊರಿನ ಮದುವೆ, ಸೀಮಂತ, ಹತ್ತನೆಯ ತರಗತಿಯಲ್ಲಿ ಪಾಸಾದವರು, ಎಲ್ಲರಿಗೂ ಅವರ ಕಾರ್ಡು ಹೋಗುತ್ತಿತ್ತು. ಅವುಗಳನ್ನು ಕೊಡೈಕಾನಲ್ಲಿಗೆ ಹತ್ತಿಸಿದವಳು ನಾನು. ಅಲ್ಲೊಂದು ಹೋಟೆಲಿನ ರಿಸೆಪ್ಶನ್ನಿನಲ್ಲಿ ನನಗೆ ಕೆಲಸ. ಕೆಳಗಿನ ರಸ್ತೆಯ ಉಡುಗೊರೆ ಅಂಗಡಿಯವನು ನನ್ನ ಮೇಜಿನ ಮೇಲಿದ್ದ ಕಾರ್ಡನ್ನು ನೋಡಿ, ಇನ್ನಷ್ಟು ಸಿಗುತ್ತವೆಯೇ ಎಂದ. ಅತ್ತೆಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು! "ಕಾಣ್ದೋರು ದುಡ್ ಕೊಟ್ಟು ತಗೋತಾರಾ ಪುಳ್ಳೆ? ನಾನ್ ಯಾರು ಅಂತ ತಿಳೀದೇನೇ?" ಎಂದು ಎರಡು ಸಲ ಕೇಳಿದರು; ಪುಳ್ಳೆ ಎಂದರೆ ಹುಡುಗಿ. ಊರಿನವರು ಅತ್ತೆಯ ಮುಖ ನೋಡಿ ಕಾರ್ಡನ್ನು ಹೊಗಳುತ್ತಿದ್ದರು. ಮುಖ ಕಾಣದವರು ಬರಿ ಹೂವನ್ನು ನೋಡಿ ಕೊಳ್ಳುವುದೆಂದರೆ ಅವರಿಗೆ ಅದೇ ಪರೀಕ್ಷೆ, ಅದೇ ಪದಕ. ಆ ಮಳೆಗಾಲವಿಡೀ ಅವರ ತುಟಿಯ ಬಣ್ಣ ಆರಲಿಲ್ಲ.

ಎರಡು ಮೂರು ಸಲ ಕಾರ್ಡು ಕೊಂಡೊಯ್ದ ಮೇಲೆ ಒಂದು ದಿನ ನಮ್ಮ ಹೋಟೆಲಿನ ಅತಿಥಿಯೊಬ್ಬಳು ಮಲ್ಲಿಗೆಯ ಕಾರ್ಡನ್ನು ತಂದು ನನಗೆ ತೋರಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು "ಎಷ್ಟು ದುಃಖದ ಕಥೆ!" ಎಂದಳು. ತಿರುಗಿಸಿದೆ. ಅತ್ತೆಯ ಹೆಸರಿದ್ದ ಮೂಲೆಯ ಮೇಲೆ, ಹೆಸರು ಪೂರ್ತಿ ಮುಚ್ಚುವಂತೆ, ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಮಿರಿಮಿರಿ ಚೀಟಿ. ಅದರ ಸಾರ ಇಷ್ಟು: ಈ ಕಾರ್ಡನ್ನು ಮಾಡಿದವಳು ದಿಕ್ಕಿಲ್ಲದ ಒಬ್ಬ ಬಡ ವಿಧವೆ, ನೀವು ಇದನ್ನು ಕೊಂಡರೆ ಅವಳಿಗೆ ಒಂದು ಹೊತ್ತಿನ ಅನ್ನ ಸಿಗುತ್ತದೆ.

ಒಂದು ಹೊತ್ತಿನ ಅನ್ನ! ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಅವನ ಅಂಗಡಿಯನ್ನು ಎರಡು ಸಲ ಉಣ್ಣಿಸಿ ಮಲಗಿಸುವಷ್ಟು ಭತ್ತ ಅತ್ತೆಯ ಅಟ್ಟದಲ್ಲಿತ್ತು.

ಮಾರನೆಯ ದಿನ ರಜೆ ಹಾಕಿ, ಅಂಥದೇ ಒಂದು ಕಾರ್ಡು ಕೊಂಡು ಊರಿಗೆ ಇಳಿದೆ. ಮುಚ್ಚಿಡಬಹುದಿತ್ತು, ಆಗಲಿಲ್ಲ. ಚೀಟಿಯನ್ನು ಓದಿ ಅರ್ಥ ಹೇಳಿದೆ. ಅತ್ತೆ ಕುಂಚವನ್ನು ಕೆಳಗಿಟ್ಟರು. "ಇನ್ನೊಂದ್ ಕಿತ ಓದು" ಎಂದರು. ಓದಿದೆ. "ಊವು ಸೆಂದಾಗಿದೆ ಅಂತ ಎಲ್ಲೂ ಇಲ್ವಾ?"

"ಇಲ್ಲ ಅತ್ತೆ."

"ಸರಿ. ನಾಳೆ ವೆಳ್ಳನೆ ಬಸ್ಸಿಗೆ ಓಗಾವ" ಎಂದು ಎದ್ದು ಅಕ್ಕಿ ಅಳೆಯಲು ಹೋದರು.

ಬೆಳಿಗ್ಗೆ ನೋಡಿದರೆ ಕೈಯಲ್ಲಿ ನಾಲ್ಕು ಅಂತಸ್ತಿನ ಬುತ್ತಿ. ಯಾಕೆಂದು ಕೇಳುವ ಧೈರ್ಯ ಬರಲಿಲ್ಲ. ತೇನಿ ದಾಟಿ ಬತ್ತಲಗುಂಡಿನಲ್ಲಿ ಇಳಿದು, ಘಾಟಿಯ ಬಸ್ಸಿಗೆ ಕಾಯುತ್ತ ನಿಂತಾಗ ಅವರು ಕೇಳಿದರು, "ನಾನು ಗಂಡ ಇಲ್ದೋಳು ಅಂತ ಆ ಅಂಗಡಿ ಮುದಲಾಳಿಗೆ ಯಾರ್ ಏಳ್ದೋರು?"

ಹೇಳಿದವಳು ನಾನೇ. ಮೊದಲ ಸಲ ಕಾರ್ಡು ಕೊಟ್ಟಾಗ ಅವನು, ಇದನ್ನು ಮಾಡುವವರು ಯಾರು ಎಂದು ಕೇಳಿದ್ದ. ನಾನು ಅವರ ಕೈಯ ಬಗ್ಗೆ ಹೇಳಬಹುದಿತ್ತು, ಉಸಿರಿನ ಬಗ್ಗೆ ಹೇಳಬಹುದಿತ್ತು, ಚಿನ್ನಾಳಪಟ್ಟಿಯ ಅಚ್ಚಿನ ಬಗ್ಗೆ ಹೇಳಬಹುದಿತ್ತು. ನನ್ನ ಹಾಳು ಬಾಯಿಯಿಂದ ಬಂದದ್ದು "ಪಾವಂ, ಗಂಡ ಇಲ್ಲ, ಮಕ್ಕಳಿಲ್ಲ, ಒಬ್ಬರೇ ಇದ್ದಾರೆ" ಎಂದು. ಪಾವಂ ಎಂದರೆ ನಿಮ್ಮ ಪಾಪವೇ. ತಮಿಳಿನಲ್ಲಾಗಲಿ ನಮ್ಮ ಕನ್ನಡದಲ್ಲಾಗಲಿ ಒಂಟಿ ಹೆಂಗಸಿನ ಮಾತು ಬಂದರೆ ಆ ಪದ ಉಗುಳಿನಂತೆ ತಾನೇ ಬರುತ್ತದೆ. ಅವನು ಅದನ್ನು ಹೆಕ್ಕಿಕೊಂಡು ಇಂಗ್ಲಿಷಿಗೆ ತಿರುಗಿಸಿದ್ದ, ಅಷ್ಟೆ.

"ನಾನೇ ಅತ್ತೆ" ಎಂದೆ.

ಬಸ್ಸು ಬಂದಾಗ ಅವರು ನನ್ನ ಪಕ್ಕದ ಜಾಗ ಖಾಲಿ ಬಿಟ್ಟು ಮುಂದೆ ಹೋಗಿ ಯಾರೋ ಎಲೆಕೋಸಿನ ವ್ಯಾಪಾರಿಯ ಪಕ್ಕ ಕುಳಿತರು. ಘಾಟಿಯ ಅಷ್ಟೂ ತಿರುವುಗಳಲ್ಲಿ ನಾನು ಅವರ ತುರುಬನ್ನೇ ನೋಡುತ್ತ ಹೋದೆ.

ಅಂಗಡಿಯಲ್ಲಿ ಆಗ ಏಳೆಂಟು ಪ್ರವಾಸಿಗಳು. ಅತ್ತೆ ನೇರ ಗಲ್ಲಾದ ಮುಂದೆ ಹೋಗಿ ಬುತ್ತಿ ಬಿಚ್ಚಿದರು. ಬಾಳೆಲೆ ಹಾಸಿದರು. ಪುಳಿಯೋಗರೆ, ಬದನೆಕಾಯಿ ಪಲ್ಯ, ಮೊಸರನ್ನ, ಮಾವಿನ ಉಪ್ಪಿನಕಾಯಿ. ಊದುಬತ್ತಿಯ ವಾಸನೆಯಿದ್ದ ಅಂಗಡಿಯಲ್ಲಿ ಇಂಗಿನ ವಾಸನೆ ತುಂಬಿತು. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅತ್ತೆ ಎಲ್ಲರಿಗೂ ಕೇಳುವ ತಮಿಳಿನಲ್ಲಿ ಅಂದರು: "ನನಗೆ ಒಂದು ಹೊತ್ತಿನ ಅನ್ನ ಹಾಕಿಸ್ತಿದ್ದೀಯಂತೆ. ನಮ್ಮಲ್ಲಿ ತಿಂದ ಅನ್ನ ಹಿಂದಿರುಗಿಸೋದು ರೂಢಿ. ಕೂತ್ಕೋ, ಉಣ್ಣು."

"ಅಮ್ಮಾ, ನೀವು..."

"ಆ ದಿಕ್ಕಿಲ್ಲದ ವಿಧವೆ. ಉಣ್ಣು."

ಅವನು ಕೆಟ್ಟವನಲ್ಲ ಎಂದು ಹೇಳುವವರಿದ್ದಾರೆ. ನಾನು ಆ ಗುಂಪಿಗೆ ಸೇರಿಲ್ಲ. ಆದರೆ ಅವನು ಹೇಳಿದ್ದನ್ನು ಹೇಳಿಬಿಡುತ್ತೇನೆ. "ಅಮ್ಮಾ, ಬರೀ ಹೂವಿಗೆ ಯಾರು ಬರ್ತಾರೆ? ಚೀಟಿ ಹಾಕಿದ ಮೇಲೆ ಬಿಸಿ ಬೋಂಡದ ಹಾಗೆ ಹೋಗ್ತಿದೆ. ನಿಮಗೂ ಒಳ್ಳೇದೇ ಅಲ್ವಾ?" ಎಂದ.

"ಹಾಗಾದ್ರೆ ಆ ಚೀಟೀನೇ ಮಾರು. ನನ್ನ ಹೂವು ಯಾಕೆ ನಿನಗೆ?" ಎಂದರು ಅತ್ತೆ. ಒಬ್ಬ ಪ್ರವಾಸಿ ನಕ್ಕ. ಅಂಗಡಿಯವನು ಎರಡು ತುತ್ತು ಉಂಡ. ಉಣ್ಣಿಸದೆ ಬಿಡುವ ಕಣ್ಣಾಗಿರಲಿಲ್ಲ ಅತ್ತೆಯದು. ಉಳಿದ ಕಾರ್ಡುಗಳನ್ನೆಲ್ಲ ಅವರು ತಾವೇ ಸ್ಟ್ಯಾಂಡಿನಿಂದ ತೆಗೆದು ಸೆರಗಿಗೆ ಹಾಕಿಕೊಂಡರು. ಎಲೆಯನ್ನೂ ಎತ್ತಿ, ಗಲ್ಲಾ ಒರೆಸಿ ಬಂದರು.

ಮನೆಗೆ ಬಂದು ಚೀಟಿಗಳನ್ನು ಕೀಳಲು ಕುಳಿತೆವು. ಆ ಅಂಟು ಎಂಥದ್ದೋ; ಚೀಟಿ ಎಳೆದರೆ ಕಾಗದವೇ ಸುಲಿದು, ಜೊತೆಗೆ ಹೆಸರೂ ಕಿತ್ತು ಬರುತ್ತಿತ್ತು. ನಾಲ್ಕು ಕಾರ್ಡು ಹಾಳಾದ ಮೇಲೆ ಅತ್ತೆ ಎದ್ದು ಎಲ್ಲವನ್ನೂ ಹಸುವಿನ ಬಾನಿಗೆ ಹಾಕಿದರು. ನಾನು ಕೂಗಿಕೊಂಡೆ. ಅವರು ಕೈ ಅಡ್ಡ ಹಿಡಿದರು. ನೀರುಬಣ್ಣ ತಾನೆ, ಸ್ವಲ್ಪ ಹೊತ್ತಿನಲ್ಲೇ ಕನಕಾಂಬರ, ಮಲ್ಲಿಗೆಯ ತೊಟ್ಟು, ಚೆಂಡುಹೂವು ಎಲ್ಲ ಬಿಟ್ಟು ಬಾನಿಯ ನೀರು ಕೆಸರಿನ ಬಣ್ಣಕ್ಕೆ ಬಂತು. ಒಂದು ಮಳೆಗಾಲದ ಉಸಿರು ಅದು. ಚೀಟಿಗಳಿಗೆ ಮಾತ್ರ ಏನೂ ಆಗಲಿಲ್ಲ. ಕಾಗದದಿಂದ ಬಿಟ್ಟುಕೊಂಡು ಒಂದೊಂದಾಗಿ ಮೇಲಕ್ಕೆ ಬಂದು, ಅಕ್ಷರ ಅಳಿಸದೆ, ಮಿರಿಮಿರಿ ಎನ್ನುತ್ತ ತೇಲಿದವು. ಅತ್ತೆಯ ತುಟಿಯ ಮೇಲೆ ಆ ದಿನ ಬಣ್ಣವಿರಲಿಲ್ಲ.

ಆಮೇಲೆ ಎಷ್ಟೋ ದಿನ ನನ್ನೊಂದಿಗೆ ಮಾತಿಲ್ಲ. ರಜೆಯ ದಿನ ನಾನು ಹೋಗಿ ಹೊಸ್ತಿಲಲ್ಲಿ ಕುಳಿತುಕೊಳ್ಳುವುದು, ಅವರು ಮಜ್ಜಿಗೆ ಕೊಟ್ಟು ಒಳಗೆ ಹೋಗುವುದು. ಸಿಟ್ಟಿನಲ್ಲೂ ಮಜ್ಜಿಗೆ ತಪ್ಪಲಿಲ್ಲ. ಒಂದು ಭಾನುವಾರ ಡಬ್ಬಿ ತಂದು ನನ್ನ ಮುಂದಿಟ್ಟು, "ಒತ್ತು" ಎಂದರು.

ಒತ್ತಿದೆ. ಕೆಟ್ಟದಾಗಿತ್ತು. "ಇದು ಊವಲ್ಲ, ಗಾಯ" ಎಂದರು. ಮತ್ತೆ ಒತ್ತಿದೆ. "ಉಸ್ರು ಜಾಸ್ತಿ ಆಯ್ತು, ಊದ್ತೀಯಾ ಒಲೇನಾ?" ಪ್ರತಿ ಭಾನುವಾರ ಇದೇ. ಹೂವು ಒಂದು ಮಟ್ಟಕ್ಕೆ ಬಂದ ಮೇಲೆ ಎಲೆಯ ಕಾಟ ಶುರುವಾಯಿತು. "ಎಲೆ ದಪ್ಪ." ಮುಂದಿನ ವಾರವೂ "ಎಲೆ ದಪ್ಪ." ನಾನು ಒಮ್ಮೆ ಅಳುವಂತಾಗಿ, "ಇಷ್ಟ್ ದಿನದಿಂದ ಮಾಡ್ತಿದೀನಿ, ಒಂದ್ ಕಿತನಾದ್ರೂ ಸೆಂದಾಗಿದೆ ಅನ್ನಬಾರ್ದಾ ಅತ್ತೆ?" ಎಂದೆ.

ಅವರು ನನ್ನ ಕಡೆ ತಿರುಗಿದರು. "ಅನ್ನಲಾ? ಪಾವಂ, ಕಷ್ಟಪಟ್ಟವಳೆ ಅಂತ ಅನ್ನಲಾ?"

ಅವರು ನನ್ನನ್ನು ಕ್ಷಮಿಸಿದ್ದು ಆಗಲೇ ಇರಬೇಕು, ಯಾಕೆಂದರೆ ಅದಾದ ಮೇಲೆ ಜೋರಾಗಿ ನಕ್ಕು ಹಲ್ಲಿಗೂ ಬಣ್ಣ ಮೆತ್ತಿಕೊಂಡರು.

ಹೋದ ವರ್ಷ ಅವರು ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೆ. ಮಣ್ಣು ಮುಗಿಸಿ ಬಂದರೆ ಬೀದಿಯ ತಿರುವಿನಲ್ಲಿ ಯಾವುದೋ ಸಂಘದವರು ಆಗಲೇ ಫ್ಲೆಕ್ಸ್ ಕಟ್ಟಿದ್ದರು. ಅತ್ತೆಯ ಫೋಟೋ, ಸುತ್ತ ಕಂಪ್ಯೂಟರಿನ ಗುಲಾಬಿಗಳು, ಕೆಳಗೆ ತಮಿಳಿನಲ್ಲಿ: ವೈಧವ್ಯದ ಬಡತನದಲ್ಲೂ ಅರಳಿದ ಕಲಾಪುಷ್ಪ. ಬದುಕಿರುವಾಗ ಒಂದು ಕಾರ್ಡು ಕೊಳ್ಳದ ಜನ! ಸತ್ತವರು ಬುತ್ತಿ ಕಟ್ಟಿಕೊಂಡು ಎದ್ದು ಬರಲಾರರು ಎಂಬ ಧೈರ್ಯ. ನಾನು ಏಣಿ ತರಿಸಿ ಹತ್ತಿದೆ. ಕೆಳಗೆ ನಿಂತವರು "ಸಾವಿನ ಮನೆ, ಸುಮ್ಮ ಬುಡಮ್ಮಾ" ಎಂದರು. ಬಿಡಲಿಲ್ಲ. ಫೋಟೋ ಉಳಿಸಿ ಆ ಸಾಲನ್ನು ಚಾಕುವಿನಿಂದ ಕತ್ತರಿಸಿ ತೆಗೆದೆ. ಇಂದಿಗೂ ಆ ಸಂಘದವರು ನನ್ನೊಂದಿಗೆ ಮಾತಾಡುವುದಿಲ್ಲ. ಸಂತೋಷ.

ಬಿಸ್ಕತ್ತಿನ ಡಬ್ಬಿ ಈಗ ದಿಂಡಿಗಲ್ಲಿನ ನನ್ನ ಮನೆಯಲ್ಲಿದೆ. ಈಚೆಗೆ ಇಲ್ಲೊಂದು ಕೈಕೆಲಸದ ಸಂತೆಯಲ್ಲಿ ಮೇಜು ಹಾಕಿ ನನ್ನ ಕಾರ್ಡುಗಳನ್ನು ಇಟ್ಟಿದ್ದೆ. ಒಬ್ಬ ಹಿರಿಯ ಹೆಂಗಸು ಕನಕಾಂಬರದ ಕಾರ್ಡನ್ನು ಎತ್ತಿ, ಹೂವನ್ನು ನೋಡದೆ ಹಿಂಬದಿಗೆ ತಿರುಗಿಸಿ, "ಇದು ಯಾವ ಆಶ್ರಮದ್ದಮ್ಮಾ? ಯಾರಿಗೆ ಸಹಾಯ ಹೋಗುತ್ತೆ?" ಎಂದರು.

ನಾನು ಕಾರ್ಡನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡೆ. "ಯಾರಿಗೂ ಇಲ್ಲ. ಹೂವು ಹೇಗಿದೆ, ಮೊದಲು ಅದನ್ನು ಹೇಳಿ" ಎಂದು ಮುಂಬದಿಯನ್ನು ಅವರ ಮುಖದ ಮುಂದೆ ಹಿಡಿದೆ.

ಆಕೆಗೆ ಸಿಟ್ಟು ಬಂತು. ಆದರೂ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೂಗಿನ ಹತ್ತಿರಕ್ಕೆ ತಂದು, ಹೂವನ್ನು ನಿಜವಾಗಿ ನೋಡಿದರು. "ಹೂವು ಚೆನ್ನಾಗಿದೆ" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ಎಲೆ ಸ್ವಲ್ಪ ದಪ್ಪವಾಯಿತು" ಎಂದರು.

ಆ ಕಾರ್ಡನ್ನು ನಾನು ಅವರಿಗೆ ಕೊಟ್ಟೆ.