ಬಾಣಂತಿ ಬಚ್ಚಲಿನ ಬಿಸಿ ಪೈಪು

ನೀವು ನಿಂತು ಸ್ನಾನ ಮಾಡುತ್ತೀರೋ, ಕೂತೋ? ನಾಚಿಕೊಳ್ಳಬೇಡಿ, ಹೇಳಿ. ಮೂವತ್ನಾಲ್ಕು ವರ್ಷ ನರ್ಸ್ ಆಗಿದ್ದವಳು ನಾನು, ಇಂಥದ್ದನ್ನು ಕೇಳಲು ಸಂಕೋಚಪಡುವ ಕಾಲ ಎಂದೋ ಮುಗಿಯಿತು. ಒಬ್ಬ ಎಂಜಿನಿಯರ್ ಈ ಪ್ರಶ್ನೆ ಕೇಳದೆ ಬಿಟ್ಟಿದ್ದರಿಂದ ಒಬ್ಬ ಬಾಣಂತಿಯ ಬೆನ್ನು ಸುಟ್ಟಿತು. ಅದನ್ನು ಬರೆಯುವಾಗ ಈಗಲೂ ಸಿಟ್ಟಿಗೆ ನನ್ನ ಬೆರಳು ಫೋನಿನ ಗಾಜನ್ನು ಕುಟ್ಟುತ್ತದೆ.

ನಾನು ನಿವೃತ್ತಳಾಗುವ ಹಿಂದಿನ ವರ್ಷ. ಗಜೇಂದ್ರಗಡದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದೆ. ಕಟ್ಟಡ ಇಳಿಜಾರಿನಲ್ಲಿತ್ತು, ಹಾಗಾಗಿ ಬಾಣಂತಿಯರ ಬಚ್ಚಲು ನೆಲಮಾಳಿಗೆಯಲ್ಲಿ. ಪಕ್ಕದ ಕೋಣೆಯ ಬಾಯ್ಲರ್‌ನಿಂದ ಹೊರಟ ಬಿಸಿನೀರಿನ ಜಿ.ಐ. ಪೈಪು, ಅಂದರೆ ಸತುವಿನ ಲೇಪದ ಕಬ್ಬಿಣದ ಕೊಳವೆ, ನೆಲದಿಂದ ಎರಡು ಅಡಿ ಎತ್ತರದಲ್ಲಿ ಗೋಡೆಯೊಳಗೆ ಹುದುಗದೆ ಅದರ ಮೇಲೆಯೇ ಸಾಗಿ, ಮೂಲೆಯಲ್ಲಿ ಮೇಲೆದ್ದು ಐದಡಿಯ ಷವರ್ ಮುಟ್ಟುತ್ತಿತ್ತು. ಆ ಷವರನ್ನು ಯಾರೂ ಬಳಸುತ್ತಿರಲಿಲ್ಲ. ಬಾಣಂತಿ ಮಣೆಯ ಮೇಲೆ ಕೂರುವಳು. ಪುರ್ತಗೇರಿಯಿಂದ ಬರುತ್ತಿದ್ದ ಆಯಾ ಗಿರಿಜವ್ವ ಆ ಪೈಪಿನ ನಲ್ಲಿಯಿಂದ ಬಿಸಿನೀರು ಹಿಡಿದು ತಂಬಿಗೆಯಿಂದ ಬೆನ್ನಿಗೆ ಹೊಯ್ಯುವಳು.

ಪೈಪು ತುಕ್ಕು ಹಿಡಿದು ಸೋರತೊಡಗಿದಾಗ ಬದಲಿಸಲು ಎಂಜಿನಿಯರ್ ಬಂದರು. "ಷವರ್ ಏಳು ಅಡಿಗೆ ಎತ್ತರಸ್ತೀವ್ರಿ, ಅಕ್ಕಾರ" ಎಂದರು. ಜೊತೆಗೆ ಪೈಪೂ ಮೇಲೇರುತ್ತದೆ ಎಂದುಕೊಂಡು ನಾನು ಹೆರಿಗೆ ಕೋಣೆಗೆ ಓಡಿದೆ. ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು.

ಹೊಸ ಬಚ್ಚಲಿಗೆ ಮೊದಲು ಇಳಿದವಳು ರೇಣವ್ವ. ಕೈಮಗ್ಗದಲ್ಲಿ ಸೀರೆ ನೇಯುವವಳು, ಚೊಚ್ಚಲ ಹೆರಿಗೆಯಾಗಿ ಮೂರನೇ ದಿನ. ನೀರು ಬಿದ್ದು ಮೈ ಸಡಿಲವಾದಾಗ ಗೋಡೆಗೆ ಒರಗಿದಳು. ಅವಳ ಕೂಗು ಮೇಲಿನ ವಾರ್ಡಿಗೆ ಕೇಳಿತು.

ಬಲ ಭುಜದ ಹಿಂದೆ ಗೇಣುದ್ದ ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು. ತಣ್ಣೀರು ಹರಿಸಿ, ಡಾಕ್ಟರಿಗೆ ತೋರಿಸಿ, ಡ್ರೆಸಿಂಗ್ ಮಾಡಿದೆ. ಅವಳು ಅಳುತ್ತ ಕೇಳಿದ್ದು ಒಂದೇ: "ಈ ಕೈಲೆ ಲಾಳಿ ಹೊಡೀಬೇಕ್ರಿ, ಅಕ್ಕಾರ. ಇನ್ನ ಎತ್ತಾಕ ಬರತೈತಿಲ್ರಿ ಕೈ?"

ಕೆಳಗಿಳಿದು ನೋಡಿದೆ. ಷವರ್ ಏಳು ಅಡಿಗೆ ಹೋಗಿತ್ತು. ಅಡ್ಡ ಪೈಪು ಮಾತ್ರ ಹಳೆಯ ಎರಡು ಅಡಿಯಲ್ಲೇ ಬೆಳ್ಳಗೆ ಹೊಳೆಯುತ್ತಿತ್ತು. ಎಂಜಿನಿಯರನ್ನು ಕರೆಸಿದೆ.

"ಯಾರ್ರೀ ಇದರ ಅಳತಿ ತಗೊಂಡವ್ರು?"

"ನಾನ ರೀ. ನಿಂತವ್ರಿಗೆ ಪೈಪ್ ಹತ್ತಂಗೇ ಇಲ್ಲ ನೋಡ್ರಿ."

"ಮೂರ ದಿನದ ಬಾಣಂತಿ ನಿಂತು ಜಳಕ ಮಾಡ್ತಾಳೇನ್ರಿ? ನಿಮ್ಮ ಮನ್ಯಾಗ ಮಾಡ್ಯಾರೇನು?"

"ಹೆಣ್ಮಕ್ಕಳ ಜಳಕದ ಸುದ್ದಿ ನಾವು ಹ್ಯಾಂಗ ಕೇಳೂದ್ರಿ..."

"ಕೇಳಾಕ ನಾಚಿಕಿ, ಸುಡಾಕ ನಾಚಿಕಿ ಇಲ್ಲ! ಗಿರಿಜವ್ವ, ಮಣಿ ತಾ. ಕೂಡ್ರಿ ಸಾಹೇಬ್ರ. ಅರಿವಿ ಬಿಚ್ಚಬ್ಯಾಡ್ರಿ, ಅಂಗಿ ಮ್ಯಾಲಿಂದನೂ ತಿಳಿತೈತಿ."

ಇಸ್ತ್ರಿ ಪ್ಯಾಂಟಿನಲ್ಲೇ ಕೂತರು. ಭುಜ ತಗಲಿತೋ ಇಲ್ಲವೋ, ಪುಟಿದೆದ್ದರು. ಗಿರಿಜವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ನಗು ಬರಲಿಲ್ಲ.

"ಹಳೇ ಪೈಪೂ ಇಷ್ಟ ಎತ್ತರ ಇತ್ತಲ್ರಿ" ಎಂದು ಗೊಣಗಿದರು.

"ಅದಕ್ಕ ಗೋಣಿತಟ್ಟು ಸುತ್ತಿದ್ದೆ! ಮೂರು ಪದರ! ನಿಮ್ಮವ್ರು ಹೊಲಸು ಅಂತ ಹರಿದು ಒಗದ್ರು."

ಮರುದಿನದಿಂದ ಬಚ್ಚಲು ಮುಚ್ಚಿಸಿದೆ. ಆಡಳಿತದವರು ಮುಖ ಸಿಂಡರಿಸಿದರು. ಪೈಪು ಏಳಡಿಗೆ ಏರಿ, ನಲ್ಲಿಗೆ ಇಳಿಯುವ ತುಂಡು ಗೋಡೆಯೊಳಗೆ ಹೋಗುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ.

ಹನ್ನೆರಡು ದಿನಗಳ ನಂತರ ರೇಣವ್ವ ಕೂಸನ್ನು ಎತ್ತಿಕೊಂಡು ಡ್ರೆಸಿಂಗ್‌ಗೆ ಬಂದಳು. ಗಾಯ ಒಣಗುತ್ತಿತ್ತು. ಕೈ ಎತ್ತಿಸಿದೆ, ಕಿವಿಯವರೆಗೆ ಬಂತು. ನೆಮ್ಮದಿಯಾಯಿತು. ಪಟ್ಟಿ ಕಟ್ಟುತ್ತ, ಎಂಜಿನಿಯರನ್ನು ಮಣೆಯ ಮೇಲೆ ಕೂರಿಸಿದ್ದನ್ನು, ಗೋಣಿತಟ್ಟಿನ ಜಗಳವನ್ನು ಅಭಿನಯಿಸಿಯೇ ಹೇಳಿದೆ. ಬಳಸುವವರನ್ನು ಕೇಳದೆ ಅಳತೆ ಹಿಡಿಯಬಾರದು, ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಅದು ಎಂದೆ. ಅವಳು ನಗುತ್ತಾಳೆಂದು ಕಾದೆ.

"ಆ ತಟ್ಟು ಎಷ್ಟು ವರ್ಷದಿಂದ ಸುತ್ತಿದ್ರಿ?"

"ಹನ್ನೊಂದು ವರ್ಷ ಆತವ್ವ."

"ಯಾಕ ಸುತ್ತೀನಿ ಅಂತ ಅವ್ರಿಗೆ ಮೊದಲ ಹೇಳಿದ್ರೇನ್ರಿ?"

"ಅವ್ರು ಕೇಳಲಿಲ್ಲಲ್ಲ!"

ರೇಣವ್ವ ಕುಪ್ಪಸ ಸರಿಪಡಿಸಿಕೊಂಡು, ಕೂಸನ್ನು ಎಡಗೈಗೆ ಬದಲಿಸಿದಳು.

"ಅವ್ರಿಗೆ ಗೊತ್ತಿರಲಿಲ್ಲ ಬಿಡ್ರಿ. ನಿಮಗ ಗೊತ್ತಿತ್ತಲ್ರಿ, ಅಕ್ಕಾರ."